ನಿನಗೆ ನೆನಪಿಲ್ಲದ ದಿನಗಳು

ಸಿಂದಗಿ
೯ ಫೆಬ್ರವರಿ ೨೦೨೫, ರವಿವಾರ

ಪ್ರೀತಿಯ ಸಾಕ್ಷಿ,

ಅವ್ವನ ಕಾಗದ ನೋಡಿ ಗಾಬರಿಯಾಗಬೇಡ. ನಾನೂ ನಿನ್ನ ಅಪ್ಪನೂ ಚೆನ್ನಾಗಿದ್ದೇವೆ. ಬಸವನ ಬಾಗೇವಾಡಿಯಲ್ಲಿ ನೀನು, ಅಳಿಯ ಪ್ರೇಮಕುಮಾರ, ಕೂಸು ಮೈತ್ರಿ ಮೂವರೂ ಆರಾಮ ಇದ್ದೀರೆಂದು ಬೆಳಿಗ್ಗೆ ಫೋನಿನಲ್ಲಿ ಕೇಳಿಯೇ ಬರೆಯಲು ಕೂತಿದ್ದೇನೆ. ದಿನಕ್ಕೆರಡು ಸಲ ಮಾತಾಡುವ ಅವ್ವನಿಗೆ ಇದೇನು ಹೊಸ ಹುಚ್ಚು ಎಂದು ನೀನು ನಗಬಹುದು. ಮೂವತ್ತೊಂದು ವರ್ಷ ಸಾಲೆಯ ಮಕ್ಕಳಿಂದ ತಂದೆಗೊಂದು ಪತ್ರ, ಗೆಳತಿಗೊಂದು ಪತ್ರ ಎಂದು ಬರೆಸಿದವಳು ನಾನು. ಹೊಟ್ಟೆಯ ಮಗಳಿಗೆ ಒಂದು ಸಾಲೂ ಬರೆದಿರಲಿಲ್ಲ.

ಪಂಚಮಿಗೆ ಬಂದಾಗ ನೀನು ಕೇಳಿದ್ದೆ. "ಅವ್ವಾ, ದವಾಖಾನಿಯೊಳಗ ಏನೇನಾತು ನನಗ ಒಂದೂ ನೆನಪಿಲ್ಲ. ಎಲ್ಲಾ ಹೇಳು" ಅಂದಿದ್ದೆ. ನಾನು "ಹೇಳ್ತೇನಿ ತಡಿ" ಎಂದು ರೊಟ್ಟಿ ಬಡಿಯಲು ಎದ್ದುಹೋದೆ. ಆರು ತಿಂಗಳು ಕಳೆದವು. ಇಷ್ಟು ತಡ ಮಾಡಿದ್ದಕ್ಕೆ ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನೀನು "ಊಟ ಆತೇನವ್ವಾ" ಅಂದ ಕೂಡಲೇ ಊಟದ ಮಾತಿಗೇ ತಿರುಗಿಬಿಟ್ಟೆ.

ಮೊದಲು ಮನೆಯ ಸುದ್ದಿ. ಅಪ್ಪನ ಎಡಗಣ್ಣಿನ ಪೊರೆ ತೆಗೆಸಿದ್ದಾಯಿತು. ಇಪ್ಪತ್ತೆಂಟು ವರ್ಷ ಸರಕಾರಿ ಬಸ್ಸು ಓಡಿಸಿದ ಮನುಷ್ಯ, ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಹೋಗಿಬರುವ ಗಾಡಿಗಳ ಸಪ್ಪಳ ಕೇಳಿಯೇ "ಇವನ ಕ್ಲಚ್ ಹೋಗೇತಿ" ಎನ್ನುತ್ತಾರೆ. ಬಾಜೂಮನೆ ಪೀರಬಿ ನಿನ್ನನ್ನು ಬಹಳ ಕೇಳುತ್ತಾಳೆ. ಅವಳ ಮೊಮ್ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ.

ಈಗ ನೀನು ಕೇಳಿದ್ದು.

ಮೈತ್ರಿ ಹುಟ್ಟಿ ಆರು ವಾರವಾಗಿತ್ತು. ೨೦೨೩ರ ಡಿಸೆಂಬರ್ ಹದಿನಾಲ್ಕು, ಗುರುವಾರ. ಬೆಳಿಗ್ಗೆ ನಿನಗೆ ಎರೆದು, ಹೊಗೆ ಹಾಕಿ, ನಿನ್ನ ಅತ್ತೆ ಹುಲಿಗೆವ್ವ ಮುದ್ದೇಬಿಹಾಳದಿಂದ ಕಳಿಸಿದ್ದ ಅಂಟಿನ ಉಂಡೆ ಎರಡು, ಬಿಸಿ ಹಾಲು ಕೊಟ್ಟಿದ್ದೆ. ಹತ್ತು ಗಂಟೆಗೆ ನೀನು ಹೊಟ್ಟೆಯ ಮೇಲ್ಭಾಗ ಹಿಡಿದುಕೊಂಡು ಮುಂದಕ್ಕೆ ಬಾಗಿದೆ. "ಅವ್ವಾ, ಇಲ್ಲಿ ಚುಚ್ಚಿ ಬೆನ್ನಾಗಿಂದ ಹೊರಗ ಹೋದಂಗ ಆಗತೈತಿ" ಅಂದೆ. ಬಾಣಂತಿಯ ವಾಯು ಎಂದೆ ನಾನು. ಅಜವಾನದ ನೀರು ಕುಡಿಸಿದೆ, ಬೆನ್ನಿಗೆ ಕಾವು ಕೊಟ್ಟೆ. ಕುಡಿದದ್ದೆಲ್ಲ ವಾಂತಿಯಾಯಿತು. ಸಂಜೆಗೆ ಪೀರಬಿ ಬಂದಳು. ಸರಕಾರಿ ದವಾಖಾನೆಯಲ್ಲಿ ಆಯಾ ಆಗಿ ಸಾವಿರ ಬಾಣಂತಿಯರನ್ನು ಕಂಡವಳು. ನಿನ್ನ ಮುಖ ನೋಡಿ, "ಅಕ್ಕೋರ, ಇದು ಗ್ಯಾಸ್ ಅಲ್ರಿ. ಬೆನ್ನಿಗೆ ಹೋಗೂ ನೋವು ಛಲೋದಲ್ಲ. ಕರಕೊಂಡು ಹೋಗೂಣು" ಎಂದಳು.

"ನಾನೂ ಹಡದೇನಿ ಪೀರಬಿ, ನನಗ ಗೊತ್ತೈತಿ" ಎಂದುಬಿಟ್ಟೆ. ಅವಳು ಕೂಸಿನ ಬಟ್ಟೆ ಮಡಚಿಟ್ಟು ಹೋದಳು.

ಶುಕ್ರವಾರ ಹೋಯಿತು. ಶನಿವಾರ ಮುಂಜಾನೆ ನಿನ್ನ ಕಣ್ಣಿನ ಬಿಳಿ ಅರಿಸಿನವಾಗಿತ್ತು. ಅಪ್ಪ ಹೊರಗೆ ಹೋಗಿ ತಮ್ಮ ಗೆಳೆಯ ಕಾಸಿಂಸಾಬನ ಕಾರು ತಂದರು. ಹಿಂದಿನ ಸೀಟಿನಲ್ಲಿ ನಿನ್ನ ತಲೆ ನನ್ನ ತೊಡೆಯ ಮೇಲೆ, ಮೈತ್ರಿ ಪೀರಬಿಯ ಮಡಿಲಲ್ಲಿ. ವಿಜಯಪುರ ಮುಟ್ಟುವವರೆಗೂ ಅಪ್ಪ ಮುಂದಿನ ಸೀಟಿನಲ್ಲಿ ಕೂತು, ಬ್ರೇಕು ತಮ್ಮ ಕಾಲಡಿ ಇದೆಯೆಂಬಂತೆ ನೆಲ ಒತ್ತುತ್ತಿದ್ದರು. ಎಲ್ಲೂ ನಿಲ್ಲಿಸಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಡಾಕ್ಟರ್ ಅಮಿತ ಅಂದರೆ ನಿನಗೆ ಆಮೇಲಿನ ನಗುಮುಖವಷ್ಟೇ ಗೊತ್ತು. ಅಂದು ಅವರ ಮುಖದಲ್ಲಿ ನಗುವಿರಲಿಲ್ಲ. ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಹೊಟ್ಟೆಯ ಹಿಂದೆ ಎಲೆಯಂಥ ಒಂದು ಗ್ರಂಥಿ, ಮೇದೋಜೀರಕ ಅಂತ. ಊಟ ಕರಗಿಸುವ ರಸ ಅಲ್ಲಿ ಹುಟ್ಟುತ್ತದೆ. ಪಕ್ಕದ ಪಿತ್ತಕೋಶದಲ್ಲಿದ್ದ ಸಣ್ಣ ಹರಳೊಂದು ಜಾರಿಬಂದು ಅದರ ಬಾಯಿ ಕಟ್ಟಿಬಿಟ್ಟಿದೆ.

"ರಸ ಹೊರಗ ಹೋಗಾಕ ದಾರಿ ಇಲ್ರಿ. ಒಳಗ ಕೂತು ತನ್ನ ಮನೀನ ತಾನ ಕರಗಸಾಕತ್ತೈತಿ" ಎಂದರು. "ಮೂರು ದಿವಸ ಯಾಕ ತಡಾ ಮಾಡಿದ್ರಿ?"

ಅಷ್ಟರಲ್ಲಿ ಪ್ರೇಮಕುಮಾರ ತನ್ನ ತಾಯಿಯನ್ನು ಕರೆದುಕೊಂಡು ಬಂದಿದ್ದ. ನಿನ್ನ ಅತ್ತೆ ಕೈಚೀಲ ಎದೆಗವಚಿಕೊಂಡು ನಿಂತಿದ್ದರು. ನಾನು ಅವರ ಕಡೆ ತಿರುಗಿ, "ಡಬ್ಬಿಗಟ್ಟಲೆ ತುಪ್ಪದ ಉಂಡಿ ಕಳಿಸಿದ್ರಿ. ಈಗ ನೋಡ್ರಿ, ನಿಮ್ಮ ಉಂಡಿ ನನ್ನ ಮಗಳಿಗೆ ಏನು ಮಾಡ್ಯಾವ" ಎಂದೆ. ಸುದ್ದಿ ಕೇಳಿ ಬಂದಿದ್ದ ನಿನ್ನ ದೊಡ್ಡಪ್ಪ, ದೊಡ್ಡಮ್ಮ, ಕಾಸಿಂಸಾಬ, ಎಲ್ಲರ ಎದುರು. ಡಾಕ್ಟರು "ಉಂಡಿಯಿಂದ ಹರಳಾಗಾಂಗಿಲ್ರಿ" ಎಂದು ಏನೋ ಹೇಳಹೊರಟರು. ಯಾರು ಕೇಳಿಸಿಕೊಂಡರು? ಹುಲಿಗೆವ್ವ ನೆಲ ನೋಡುತ್ತ ನಿಂತರು.

ಬಾಯಿಂದ ದುರ್ಬೀನು ಇಳಿಸಿ ಆ ಹರಳು ತೆಗೆದರು. ಆದರೆ ಒಳಗಿನ ಬೆಂಕಿ ಆರಲಿಲ್ಲ. ನೀನು ಐಸಿಯುನಲ್ಲಿದ್ದೆ. ಕೂಸಿಗೆ ಹಾಲಿಲ್ಲ. ಬಾಟ್ಲಿ ಬಾಯಿಗಿಟ್ಟರೆ ಉಗುಳುತ್ತಿತ್ತು. ಎರಡನೆಯ ದಿನ ನಿನ್ನ ಅತ್ತೆ ನನ್ನ ಹತ್ತಿರ ಬಂದು, "ಅಕ್ಕೋರ, ನೀವು ಸಿಟ್ಟ ಇರ್ರಿ, ಬ್ಯಾಡನ್ನೂದಿಲ್ಲ. ನಮ್ಮ ಹಿರೇ ಸೊಸಿ ಸಿದ್ದವ್ವಗ ಎಂಟು ತಿಂಗಳ ಕೂಸೈತಿ, ಎದಿಹಾಲ ಐತಿ. ಇದನ್ನ ನನಗ ಕೊಡ್ರಿ" ಎಂದು ಕೇಳಿದರು. ಕೊಟ್ಟೆ. ನಾಲ್ಕು ತಿಂಗಳು ನಿನ್ನ ಮಗಳು ಮುದ್ದೇಬಿಹಾಳದಲ್ಲಿ ಸಿದ್ದವ್ವನ ಎದೆಹಾಲು ಕುಡಿದು, ಅಜ್ಜಿಯ ಪಕ್ಕದಲ್ಲಿ ಮಲಗಿ ಬೆಳೆದಳು. ಅಜ್ಜಿ ಎಂಟು ದಿನಕ್ಕೊಮ್ಮೆ ಬಸ್ಸು ಹಿಡಿದು ಬಂದು, ಐಸಿಯು ಗಾಜಿನ ಹೊರಗೆ ನಿಂತು ನಿನ್ನನ್ನು ನೋಡಿ, ನನಗೆ ಕೂಸಿನ ತೂಕ ಹೇಳಿ, ಸಂಜೆ ಬಸ್ಸಿಗೆ ಹೋಗುತ್ತಿದ್ದರು. ನಾನು ಒಂದು ಸಲವೂ "ಚಾ ಕುಡೀರಿ" ಅನ್ನಲಿಲ್ಲ.

ನಾಲ್ಕನೆಯ ವಾರ ನಿನಗೆ ಜ್ವರ ಏರಿತು. ಗ್ರಂಥಿಯ ಸತ್ತ ಭಾಗದಲ್ಲಿ ಕೀವು ತುಂಬಿದೆ ಎಂದರು. ಸ್ಕ್ಯಾನ್ ನೋಡುತ್ತ ಎಡಪಕ್ಕೆಯಿಂದ ಒಂದು ನಳಿಗೆ ಹಾಕಿದರು. ನಾಲ್ಕು ದಿನ ಹರಿಯಿತು, ಆಮೇಲೆ ಗಟ್ಟಿ ಮುದ್ದೆ ಅಡ್ಡ ಬಂದು ನಿಂತಿತು. ಜನವರಿ ಹದಿನಾರು, ಮಂಗಳವಾರ, ಮಧ್ಯಾಹ್ನ ಎರಡರ ಹೊತ್ತಿಗೆ ನಾವು ಹೊರಗೆ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು. ನರ್ಸ್ ಓಡಿಬಂದು "ಸಾಕ್ಷಿ ಮನಿಯವರು ಯಾರ್ರಿ, ಲಗೂ ಬರ್ರಿ" ಎಂದಳು. ರಕ್ತದ ಒತ್ತಡ ಇಳಿದುಹೋಗಿತ್ತು. ನಿನ್ನ ಉಗುರುಗಳು ನೀಲಿಯಾಗಿದ್ದವು.

ಅಪ್ಪ ಡಾಕ್ಟರ ಕೈ ಹಿಡಿದುಕೊಂಡರು. "ಹೊಟ್ಟಿ ಪೂರಾ ಕೊಯ್ತೀರೇನ್ರೀ ಸಾಹೇಬ್ರ?"

"ಇಲ್ಲ ಕಾಕಾ. ಈಗಿನ ಸ್ಥಿತಿಯೊಳಗ ಹೊಟ್ಟಿ ತಗದ್ರ ಈ ಹುಡುಗಿ ತಡಕೊಳ್ಳಾಂಗಿಲ್ಲ. ನಳಗಿ ಹಾಕೇವಲ್ರಿ, ಅದ ದಾರಿ ಹಿಡಕೊಂಡು ಪಕ್ಕಿಗೆ ಎರಡು ಬಟ್ಟಿನಷ್ಟು ಕೊಯ್ದು, ಕ್ಯಾಮೆರಾ ಬಿಟ್ಟು, ಸತ್ತದ್ದನ್ನ ಅಷ್ಟ ಸಾವಕಾಶ ಎತ್ತತೇವಿ. ಒಂದ ಸಲಕ್ಕ ಆಗಲಿಕ್ಕಿಲ್ಲ. ಎರಡು, ಮೂರು ಸಲ ಬೇಕಾದೀತು."

"ಉಳೀತಾಳೇನ್ರಿ?" ಪ್ರೇಮಕುಮಾರ ಕೇಳಿದ.

"ಮಾಡಲಿಲ್ಲಂದ್ರ ಸಂಜಿ ಕಾಣೂದಿಲ್ಲ. ಮಾಡಿದ್ರ ಅರ್ಧಕ್ಕರ್ಧ. ನಾ ಸುಳ್ಳು ಹೇಳೂದಿಲ್ಲ ತಮ್ಮಾ."

ಒಪ್ಪಿಗೆ ಕಾಗದದ ಮೇಲೆ ಪ್ರೇಮಕುಮಾರ ಹಾಕಿದ ಸಹಿ ಅವನದೇ ಅಲ್ಲವೆನ್ನುವಂತಿತ್ತು. ರಕ್ತ ಬೇಕೆಂದರು. ನಮಗೆ ಊಟ ತಂದಿದ್ದ ಕಾಸಿಂಸಾಬ, ಯಾರೂ ಕೇಳುವ ಮೊದಲೇ ಅಂಗಿಯ ತೋಳು ಮೇಲೆ ಮಾಡಿಕೊಂಡು ರಕ್ತನಿಧಿಯ ಕಡೆ ನಡೆದ. ನಿನ್ನನ್ನು ಮಲಗಿಸಿದ್ದ ಗಾಡಿ ಆಪರೇಶನ್ ಕೋಣೆಯ ಬಾಗಿಲ ಹತ್ತಿರ ಬಂದಾಗ ನಾನು ನಿನ್ನ ಪಾದ ಮುಟ್ಟಿದೆ. ತಣ್ಣಗಿತ್ತು. ಏಳು ಎಂದು ಸಾಲೆಗೆ ಎಬ್ಬಿಸುವಾಗ ನಾನು ನಿನ್ನ ಪಾದವನ್ನೇ ಹಿಡಿದು ಅಲುಗಾಡಿಸುತ್ತಿದ್ದೆ. ಆಗ ಅದು ಬೆಚ್ಚಗಿರುತ್ತಿತ್ತು.

ಬಾಗಿಲು ಮುಚ್ಚಿತು. ಒಂದು ತಾಸು ಐವತ್ತು ನಿಮಿಷ. ಅಪ್ಪ ಗೋಡೆಗೊರಗಿ ನಿಂತೇ ಇದ್ದರು. ನಾನು ಏನು ಬೇಡಿಕೊಂಡೆ ಎಂದು ಕೇಳಬೇಡ. ಯಾರ ಹೆಸರೂ ನಾಲಗೆಗೆ ಬರಲಿಲ್ಲ. ನನ್ನನ್ನು ತೆಗೆದುಕೋ ಎಂದಷ್ಟೇ ಅಂದುಕೊಳ್ಳುತ್ತಿದ್ದೆ. ಡಾಕ್ಟರ್ ಅಮಿತ ಹೊರಗೆ ಬಂದಾಗ ಅವರ ಟೊಪ್ಪಿಗೆ ಬೆವರಿನಲ್ಲಿ ತೊಯ್ದಿತ್ತು. ಸ್ಟೀಲಿನ ಬಟ್ಟಲಿನಲ್ಲಿ ತೆಗೆದದ್ದನ್ನು ತೋರಿಸಿದರು. ಬೂದಿಬಣ್ಣದ್ದು, ನೀರಿನಲ್ಲಿ ನೆನೆದ ಹಳೆಯ ಪೇಪರಿನಂಥದ್ದು. ಕೊಯ್ದದ್ದು ಎರಡೇ ಬೆರಳಿನಷ್ಟು, ಆ ಚಿಕ್ಕ ಬಾಯಿಯಿಂದ ಅಷ್ಟೆಲ್ಲ ಹೊರಗೆ ಬಂದಿತ್ತು. ನಾಲ್ಕು ದಿನ ಬಿಟ್ಟು ಅದೇ ದಾರಿಯಲ್ಲಿ ಮತ್ತೊಮ್ಮೆ ಒಳಗೆ ಹೋದರು. ಎರಡನೆಯ ಸಲದ ನಂತರ ಜ್ವರ ಇಳಿಯಿತು. ಫೆಬ್ರವರಿ ಮೊದಲ ವಾರ, ಉಸಿರಿಗೆಂದು ಗಂಟಲಿಗೆ ಹಾಕಿದ್ದ ನಳಿಗೆ ತೆಗೆದರು. ನೀನು ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಕೂಸು?"

"ಮನ್ಯಾಗ ಅದ" ಎಂದೆ. ಯಾವ ಮನೆ ಎಂದು ಹೇಳಲಿಲ್ಲ.

ಆಮೇಲಿನದು ನಿನಗೂ ಮಸುಕಾಗಿ ಗೊತ್ತು. ಏಪ್ರಿಲಿನಲ್ಲಿ ಪಿತ್ತಕೋಶವನ್ನೂ ದುರ್ಬೀನಿನಿಂದಲೇ ತೆಗೆದರು. ಸತ್ತುಹೋದ ಭಾಗ ಮತ್ತೆ ಬೆಳೆಯುವುದಿಲ್ಲ, ಆದ್ದರಿಂದ ಸಕ್ಕರೆಯ ಸೂಜಿ ಜೀವನಪೂರ್ತಿ ಎಂದರು. ಇಪ್ಪತ್ತೇಳು ವರ್ಷದ ಹುಡುಗಿ ಊಟಕ್ಕೆ ಮೊದಲು ಸೆರಗು ಸರಿಸಿ ಹೊಟ್ಟೆಗೆ ಚುಚ್ಚಿಕೊಳ್ಳುವುದನ್ನು ನಾನು ನೋಡಲಾರದೆ ಒಲೆಯ ಕಡೆ ತಿರುಗುತ್ತೇನೆ. ನೀನು ಅದನ್ನು ಗಮನಿಸಿದ್ದೀಯ, ನನಗೆ ಗೊತ್ತು.

ನಿನ್ನನ್ನು ಮನೆಗೆ ತಂದ ಮೂರನೆಯ ದಿನ ನಿನ್ನ ಅತ್ತೆ ಮೈತ್ರಿಯನ್ನು ಎತ್ತಿಕೊಂಡು ಬಂದರು. ಕೂಸು ನಿನ್ನ ಕೈಗೆ ಬರಲಿಲ್ಲ. ಅಜ್ಜಿಯ ಕುತ್ತಿಗೆ ಗಟ್ಟಿಯಾಗಿ ಹಿಡಿದು ಅಳತೊಡಗಿತು. ನೀನು ಅದರ ಬೆರಳು ಒಂದೊಂದಾಗಿ ಬಿಡಿಸಿ ಎಳೆದುಕೊಂಡೆ. "ಇನ್ನ ಮ್ಯಾಲೆ ನನ್ನ ಕೂಸಿನ್ನ ಮುಟ್ಟಬ್ಯಾಡ್ರಿ. ನಿಮ್ಮ ಕೈಯಾಂದು ಉಂಡದ್ದು ಸಾಕಾಗೇತಿ" ಅಂದೆ. ಆ ಮಾತು ನಿನ್ನದಲ್ಲ, ಸಾಕ್ಷಿ. ಆಸ್ಪತ್ರೆಯಲ್ಲಿ ನಿನಗೆ ಗಂಜಿ ಕುಡಿಸುತ್ತ, ಉಂಡೆಯ ಮಾತನ್ನು ನಾಲ್ಕು ಸಲ, ಐದು ಸಲ ಹೇಳಿದವಳು ನಾನೇ. ಅವರು ಕೂಸಿನ ಬಟ್ಟೆಯ ಗಂಟು ಹೊಸ್ತಿಲ ಒಳಗಿಟ್ಟು ಬಂದ ಬಸ್ಸಿಗೇ ತಿರುಗಿಹೋದರು. ನಾನು ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದೆ.

ನೀನು ಮುದ್ದೇಬಿಹಾಳಕ್ಕೆ ಹೋಗುವುದಿಲ್ಲವೆಂದೆ. ಪ್ರೇಮಕುಮಾರ ನಿನ್ನ ಸಲುವಾಗಿ ಬಾಗೇವಾಡಿಯ ಹಾಸ್ಟೆಲಿನ ಕೆಲಸಕ್ಕೆ ವರ್ಗ ಮಾಡಿಸಿಕೊಂಡ. ಮೈತ್ರಿಯ ಮೊದಲ ಹುಟ್ಟುಹಬ್ಬಕ್ಕೆ ಅವನ ಕಡೆಯವರು ಯಾರೂ ಇರಲಿಲ್ಲ. ಫೋಟೋ ತೆಗೆಯುವಾಗ ಅವನು ಎರಡು ಸಲ ಬಾಗಿಲ ಕಡೆ ನೋಡಿದ್ದನ್ನು ನಾನು ಕಂಡೆ.

ಹೋದ ತಿಂಗಳು ಗೆಳತಿಯೊಬ್ಬಳ ನಿವೃತ್ತಿಯ ಕಾರ್ಯಕ್ರಮಕ್ಕೆ ತಾಳಿಕೋಟೆಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಅತ್ತೆ ಮುದ್ದೇಬಿಹಾಳದ ಬಸ್ಸಿಗೆ ಕಾಯುತ್ತ ಕೂತಿದ್ದರು. ನಾನು ನೋಡದವಳಂತೆ ಹೋಗಬೇಕೆಂದಿದ್ದೆ. ಅವರೇ ಎದ್ದುಬಂದರು.

"ಅಕ್ಕೋರ, ಸಾಕ್ಷಿ ಆರಾಮದಾಳ್ರಿ?"

"ಆರಾಮದಾಳ್ರಿ."

"ಕೂಸಿಗೆ ಹಲ್ಲ ಎಷ್ಟ ಬಂದಾವ್ರಿ?"

"ಎಂಟು."

ಅವರು ತಮ್ಮ ಬೆರಳಿನ ಮೇಲೆ ಎಂಟು ಎಣಿಸಿದರು. ಆಮೇಲೆ ತಾವಾಗಿಯೇ ಹೇಳಿದರು: "ನಾ ಈಗ ಉಂಡಿ ಕಟ್ಟೂದು ಬಿಟ್ಟೇನ್ರಿ. ಓಣಿಯೊಳಗ ಯಾರು ಹಡದ್ರೂ ನನ್ನ ಹಂತ್ಯಾಕ ಬರ್ತಿದ್ರು. ನನ್ನ ಕೈ ಛಲೋ ಇಲ್ಲ, ಬ್ಯಾರೆಯವರ ಕಡೆ ಹೋಗ್ರಿ ಅಂತ ಹೇಳತೇನಿ." ಬಸ್ಸು ಬಂತು. ಹೋದರು. ನಾನು ನನ್ನ ಬಸ್ಸು ಬಿಟ್ಟು, ಮುಂದಿನದನ್ನೂ ಬಿಟ್ಟು ಅಲ್ಲೇ ಕೂತಿದ್ದೆ.

ಮಗಳೇ, ಅವರು ಮಾಡಿದ್ದು ಬಾಣಂತಿಗೆ ಎಲ್ಲರೂ ಮಾಡುವುದನ್ನೇ. ತಡ ಮಾಡಿದವಳು ನಾನು, ಅವರಲ್ಲ. ಪೀರಬಿಯ ಮಾತು ಕೇಳಿದ್ದರೆ ಎರಡು ದಿನ ಮೊದಲೇ ನೀನು ಡಾಕ್ಟರ ಕೈಯಲ್ಲಿರುತ್ತಿದ್ದೆ. ನಿನ್ನ ಮನಸ್ಸಿನಲ್ಲಿ ಅವರ ಮೇಲಿರುವ ಸಿಟ್ಟನ್ನು ಸ್ವಲ್ಪ ಇಳಿಸಿಕೊಳ್ಳಲು ಸಾಧ್ಯವೇ ನೋಡು.

ಸೂಜಿ ಮರೆಯಬೇಡ. ಊಟದ ಹೊತ್ತು ತಪ್ಪಿಸಬೇಡ. ಪ್ರೇಮಕುಮಾರನಿಗೆ ನನ್ನ ಆಶೀರ್ವಾದ ತಿಳಿಸು, ಮೈತ್ರಿಯ ಎರಡೂ ಗಲ್ಲಕ್ಕೆ ನನ್ನ ಮುತ್ತು. ನಿನ್ನ ಮೈ ಗಟ್ಟಿಯಾಗಲಿ, ಆಯುಷ್ಯ ದೊಡ್ಡದಾಗಲಿ. ನಿನ್ನ ಮಗಳ ಮದುವೆಯಲ್ಲಿ ನೀನೇ ನಿಂತು ಅಕ್ಕಿಕಾಳು ಹಾಕುವಂತಾಗಲಿ.

ನಿನ್ನ ಅವ್ವ,
ಸುನಂದಾ

ತಾ. ಕ. (೧೩ ಫೆಬ್ರವರಿ, ಗುರುವಾರ)

ಮೇಲಿನದನ್ನು ಬರೆದು ಅಂಟು ಹಚ್ಚಿ ನಾಲ್ಕು ದಿನ ಇಟ್ಟುಕೊಂಡಿದ್ದೆ. ಇಂದು ಮತ್ತೆ ಹರಿದು ತೆಗೆದಿದ್ದೇನೆ. ಅದರಲ್ಲಿ ಸುಳ್ಳಿಲ್ಲ. ಆದರೆ ಬರೆಯಲೇಬೇಕಾದದ್ದೂ ಇಲ್ಲ.

ನಿನಗೆ ಏಳನೆಯ ತಿಂಗಳಿದ್ದಾಗ, ಸೀಮಂತದ ಕುಬಸ ಮುಗಿದ ಮಾರನೆಯ ವಾರ, ಉಂಡ ಮೇಲೆ ಪಕ್ಕೆಲುಬಿನ ಕೆಳಗೆ ನೋಯುತ್ತದೆ ಎಂದಿದ್ದೆ. ಆಗ ನಾನಿನ್ನೂ ಇಂಡಿ ಊರಿನ ಸಾಲೆಯಲ್ಲಿದ್ದೆ. ಅಲ್ಲಿಯೇ ಸ್ಕ್ಯಾನ್ ಮಾಡಿಸಿದೆವು. ನೀನು ಮೂತ್ರಕ್ಕೆ ಹೋದಾಗ ಡಾಕ್ಟರಬಾಯಿ ನನಗೆ ಹೇಳಿದರು: "ಕೂಸು ಛಲೋ ಐತ್ರಿ. ಆದ್ರ ತಾಯಿ ಪಿತ್ತಕೋಶದಾಗ ಸಣ್ಣ ಹರಳು ಅದಾವ. ಹೆರಿಗಿ ಆದ ಮ್ಯಾಲೆ ಸರ್ಜನ್‌ಗೆ ತೋರಸ್ರಿ. ಅಲ್ಲೀಮಟ ತುಪ್ಪ, ಕೊಬ್ರಿ ಕಮ್ಮಿ ಕೊಡ್ರಿ. ನೋವು ಬೆನ್ನಿಗೆ ಹೋದ್ರ ಒಂದ ತಾಸೂ ಕಾಯಬ್ಯಾಡ್ರಿ." ಬೇರೆ ಹಾಳೆಯಲ್ಲಿ ಬರೆದೂ ಕೊಟ್ಟರು. ಆ ಹಾಳೆಯನ್ನು ನಾನು ಫೈಲಿನಿಂದ ತೆಗೆದು ನನ್ನ ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡೆ. ನೀನು ಬಂದು ಕೇಳಿದಾಗ "ಏನಿಲ್ಲ, ಎಲ್ಲಾ ಬರೋಬರಿ ಐತಿ" ಎಂದೆ.

ಕುಬಸದ ದಿನ ನಿನ್ನ ಥೈರಾಯಿಡ್ ಗುಳಿಗೆ ನೋಡಿ ನಿನ್ನ ಅತ್ತೆಯ ಕಡೆಯ ಯಾವಳೋ ಒಬ್ಬಳು "ಹುಡುಗಿ ಈಗಿಂದನ ಗುಳಿಗಿ ಮ್ಯಾಲ ಅದಾಳ" ಎಂದು ನಕ್ಕಿದ್ದಳು. ಅದು ನನಗೆ ನಾಟಿತ್ತು. ಇನ್ನೊಂದು ರೋಗದ ಹೆಸರು ಆ ಮನೆಗೆ ಹೋಗಬಾರದು ಎಂದುಕೊಂಡೆ. ಹೆರಿಗೆಯ ಸಂಭ್ರಮದಲ್ಲಿ ಸರ್ಜನ್‌ಗೆ ತೋರಿಸುವುದನ್ನು ಮರೆತೆ. ಗುರುವಾರ ನೀನು ಬೆನ್ನು ಹಿಡಿದುಕೊಂಡಾಗ ಅದೇ ಗಳಿಗೆಗೆ ನೆನಪಾಯಿತು. ನೆನಪಾಗಿಯೇ ನಾನು ಅಜವಾನದ ನೀರು ಕಾಯಿಸಿದೆ. ಆಸ್ಪತ್ರೆಗೆ ಹೋದರೆ ಹರಳು ಕಾಣುತ್ತದೆ, ಮೊದಲೇ ಗೊತ್ತಿತ್ತೇ ಎಂದು ಕೇಳುತ್ತಾರೆ ಎಂಬ ಹೆದರಿಕೆಗೆ ಮೂರು ದಿನ ಕಳೆದೆ. ವಿಜಯಪುರದಲ್ಲಿ ಡಾಕ್ಟರ್ ಅಮಿತ ಹರಳು ಎಂದ ಕೂಡಲೇ, ಯಾರೂ ನನ್ನ ಕಡೆ ತಿರುಗುವ ಮೊದಲು ನಾನು ನಿನ್ನ ಅತ್ತೆಯ ಕಡೆ ತಿರುಗಿದೆ. ಉಂಡೆ ಕಳಿಸಿದವರು ಅವರು. ಗೊತ್ತಿದ್ದೂ ನಿನ್ನ ಬಾಯಿಗಿಟ್ಟವಳು ನಾನು.

ಇಂದು ಮುಂಜಾನೆ ಮುದ್ದೇಬಿಹಾಳಕ್ಕೆ ಹೋಗಿ ಇದಿಷ್ಟನ್ನೂ ಅವರಿಗೆ ಹೇಳಿಬಂದೆ. ಸಿದ್ದವ್ವ ಒಲೆಯ ಮುಂದೆ ಕೂತಲ್ಲೇ ಅಳತೊಡಗಿದಳು. ನಿನ್ನ ಅತ್ತೆ ಒಂದೇ ಮಾತು ಕೇಳಿದರು. "ಸಾಕ್ಷಿಗೆ ಹೇಳೀರೇನ್ರಿ?"

ಇಲ್ಲ ಎಂದೆ.

"ಹಂಗಾರ ಹೇಳಬ್ಯಾಡ್ರಿ ಅಕ್ಕೋರ. ನಾ ಹೆಂಗೂ ಅತ್ತಿ. ಅತ್ತಿ ಮ್ಯಾಲ ಸಿಟ್ಟಿದ್ರೂ ಬಾಳು ನಡೀತೈತಿ. ಅವ್ವನ ಮ್ಯಾಲಿನ ನಂಬಿಗಿ ಹೋದ್ರ, ಅಂಥಾ ಸೋತ ಮೈ ಕಟಗೊಂಡು ಅಕಿ ಎಲ್ಲಿ ಹೋಗಬೇಕು?"

ನಾನು ಬೇಡವೆಂದರೂ ಕೇಳದೆ ಚಾ ಮಾಡಿಕೊಟ್ಟರು. ಕುಡಿದೆ.

ಅವರ ಮಾತು ಕೇಳಿಬಿಡೋಣ ಎಂದು ಆಸೆಯಾಯಿತು, ಸಾಕ್ಷಿ. ತಿರುಗಿ ಬರುವಾಗ ಬಸ್ಸು ದೇವರ ಹಿಪ್ಪರಗಿ ದಾಟುವವರೆಗೂ ಆ ಆಸೆ ಇತ್ತು. ಸಿಂದಗಿಯಲ್ಲಿ ಇಳಿದು ಮನೆಗೆ ಹೋಗದೆ ನೆಟ್ಟಗೆ ಪೋಸ್ಟಿಗೆ ಬಂದಿದ್ದೇನೆ. ಇಲ್ಲಿಯ ಬೆಂಚಿನ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಇಂಡಿಯಲ್ಲಿ ಬರೆದುಕೊಟ್ಟ ಆ ಹಾಳೆ ಇದರೊಳಗಿದೆ. ಓದಿ ಪ್ರೇಮಕುಮಾರನ ಕೈಗೆ ಕೊಡು. ಅಪ್ಪನಿಗೆ ಇನ್ನೂ ಗೊತ್ತಿಲ್ಲ, ಇಂದು ಸಂಜೆ ನಾನೇ ಹೇಳುತ್ತೇನೆ.

ನನಗೆ ಫೋನ್ ಮಾಡಬೇಡ. ಮೊದಲು ಮುದ್ದೇಬಿಹಾಳಕ್ಕೆ ಮಾಡು.